ಒಂಟಿ ಪಂಜರದ ಮಂಗಗಳ ಬಗ್ಗೆ ಸದನದಲ್ಲಿ ಕೇಳಿ

ಹಾವೇರಿ ಲೋಕಸಭಾ ಕ್ಷೇತ್ರದ ಸಂಸದರಿಗೆ,

ಮಾನ್ಯರೇ, ಗದಗಿನ ಮತದಾರನೊಬ್ಬನ ನಮಸ್ಕಾರ. ರಸ್ತೆ, ನೀರು, ರೈಲು ಯಾವುದೂ ಅಲ್ಲ, ಈ ಸಲ ಪ್ರಯೋಗಾಲಯದ ಮಂಗಗಳ ಸಲುವಾಗಿ ಬರೆಯುತ್ತಿದ್ದೇನೆ. ನಗಬೇಡಿ.

2020ರಲ್ಲಿ ಕೊವ್ಯಾಕ್ಸಿನ್ ಪರೀಕ್ಷೆಗೆ 20 ರೀಸಸ್ ಮಂಗಗಳನ್ನು ಬಳಸಿದರು. ಆ ಲಸಿಕೆ ಹಾಕಿಸಿಕೊಂಡವರಲ್ಲಿ ನಾನೂ ಒಬ್ಬ. ಪ್ರಯೋಗವೇ ಬೇಡ ಎನ್ನಲು ನನಗೆ ಬಾಯಿಲ್ಲ. ನನ್ನ ತಕರಾರು ಪಂಜರದ್ದು.

ಕಪ್ಪತಗುಡ್ಡದ ಕಡೆ ಹೋದಾಗ ನೀವೂ ನೋಡಿರುತ್ತೀರಿ. ಒಂದು ಮಂಗ ಅಂಗಾತ ಬಿದ್ದುಕೊಂಡು ಕೈ ಎತ್ತಿ ಕಂಕುಳು ತೋರಿಸುತ್ತದೆ, ಇನ್ನೊಂದು ಕೂದಲು ಬಿಡಿಸಿ ಬಿಡಿಸಿ ಹೇನು ಹೆಕ್ಕುತ್ತದೆ. ಅದು ಬರೀ ಹೇನಿನ ವ್ಯವಹಾರವಲ್ಲ. ಜಗಳದ ನಂತರದ ರಾಜಿಯೂ ಅದರಲ್ಲೇ, ಹಿಂಡಿನಲ್ಲಿ ಯಾರು ಯಾರ ಕಡೆ ಎಂಬುದೂ ಅದರಲ್ಲೇ. ಇಂಥ ಪ್ರಾಣಿಯನ್ನು ವರ್ಷಗಟ್ಟಲೆ ಒಂಟಿಯಾಗಿ ಕೂಡಿಹಾಕಿದರೆ ತನ್ನ ಕೂದಲನ್ನೇ ಕಿತ್ತುಕೊಳ್ಳುತ್ತದೆ, ಇದ್ದಲ್ಲೇ ಗಿರಗಿರ ಸುತ್ತುತ್ತದೆ. ಕೆಲವು ಗಾಯವಾಗುವಂತೆ ತಮ್ಮ ತೋಳನ್ನೇ ಕಚ್ಚಿಕೊಳ್ಳುತ್ತವೆ. ಒತ್ತಡ ಹೆಚ್ಚಾದರೆ ರೋಗನಿರೋಧಕ ಶಕ್ತಿಯೂ ಏರುಪೇರಾಗುತ್ತದೆ. ಅಂಥ ಮಂಗದ ರಕ್ತದಿಂದ ಬಂದ ಅಂಕಿಯನ್ನು ಎಷ್ಟರ ಮಟ್ಟಿಗೆ ನಂಬುವುದು?

ಎರಡು ಮಂಗಗಳನ್ನು ಒಂದೇ ಪಂಜರದಲ್ಲಿ ಜೋಡಿಯಾಗಿ ಇಡುವುದು ಸಲೀಸಲ್ಲ, ಒಪ್ಪುತ್ತೇನೆ. ಪರಿಚಯವಿಲ್ಲದ ಎರಡು ಗಂಡುಗಳನ್ನು ಒಮ್ಮೆಲೇ ಒಂದೇ ಪಂಜರಕ್ಕೆ ಬಿಟ್ಟರೆ ಕೋರೆಹಲ್ಲು ನಾಟುವ ಅಪಾಯ ಹೆಚ್ಚು. ಅದಕ್ಕೇ ಮೊದಲು ಅಕ್ಕಪಕ್ಕ ಇಟ್ಟು ನಡುವೆ ಜಾಲರಿ ಹಾಕುತ್ತಾರೆ. ಸಂದಿಯಲ್ಲಿ ಬೆರಳು ತೂರಿಸಿ ಒಂದರ ಮೈ ಇನ್ನೊಂದು ಕೆದಕತೊಡಗಿದ ಮೇಲೆ ಜಾಲರಿ ತೆಗೆಯುತ್ತಾರೆ. ಆಗಲೂ ಒಬ್ಬರು ನೋಡುತ್ತ ಕೂಡಬೇಕು, ಹೊಂದದಿದ್ದರೆ ಜೋಡಿ ಬದಲಿಸಬೇಕು. ಸೋಂಕಿನ ಪ್ರಯೋಗ ಎಂಬ ನೆಪವೂ ಎಲ್ಲ ಕಡೆ ನಡೆಯದು. ಒಂದೇ ವೈರಾಣು ಕೊಟ್ಟ ಎರಡನ್ನು ಒಟ್ಟಿಗಿಡಲು ಎಷ್ಟೋ ಸಲ ಅಡ್ಡಿಯಿಲ್ಲ. ರಕ್ತ ತೆಗೆಯಲು ಹಿಡಿಯುವುದೇ ಕಷ್ಟ ಅನ್ನುವವರಿದ್ದಾರೆ. ತಿನಿಸು ಕೊಟ್ಟು ರೂಢಿ ಮಾಡಿಸಿದರೆ ಮಂಗ ತಾನಾಗಿಯೇ ತೋಳು ಚಾಚುತ್ತದೆ. ಇದಕ್ಕೆಲ್ಲ ಬೇಕಾದದ್ದು ಆಳು, ವೇಳೆ. ಅಂದರೆ ದುಡ್ಡು. ನಿಜವಾದ ತೊಡಕು ಇರುವುದು ಅಲ್ಲೇ ಎಂದು ನನ್ನ ಅನಿಸಿಕೆ.

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ, ಪ್ರಯೋಗಕ್ಕೆ ಮೊದಲು, ಪ್ರಯೋಗದ ವೇಳೆ ಮತ್ತು ನಂತರ ಪ್ರಾಣಿಗಳಿಗೆ ಅನಗತ್ಯ ನೋವಾಗದಂತೆ ನೋಡಿಕೊಳ್ಳುವುದು ಕೇಂದ್ರದ ಸಮಿತಿಯ ಕರ್ತವ್ಯ. ಆ ಸಮಿತಿ ಪಶುಸಂಗೋಪನೆ ಸಚಿವಾಲಯದ ಕೆಳಗಿದೆ. ಚುಕ್ಕೆ ಗುರುತಿಲ್ಲದ, ಅಂದರೆ ಲಿಖಿತ ಉತ್ತರ ಬರುವ, ಒಂದು ಪ್ರಶ್ನೆ ಹಾಕಿ: ನೋಂದಾಯಿತ ಪ್ರಯೋಗಾಲಯಗಳಲ್ಲಿ ಎಷ್ಟು ಮಂಗಗಳಿವೆ, ಒಂಟಿಯಾಗಿರುವವು ಎಷ್ಟು, ಎಷ್ಟು ತಿಂಗಳಿಂದ, ಯಾವ ಕಾರಣ ಬರೆದಿದ್ದಾರೆ? ಲಿಖಿತ ಕಾರಣ ಮತ್ತು ಅವಧಿ ಇಲ್ಲದೆ ಯಾವ ಮಂಗವನ್ನೂ ಒಂಟಿಯಾಗಿಡಬಾರದೆಂದು ನಿಯಮ ತರುವಂತೆಯೂ ಸಚಿವರನ್ನು ಒತ್ತಾಯಿಸಿ.

ಉತ್ತರ ಬಂದರೆ ಒಂದು ಪ್ರತಿ ನಿಮ್ಮ ಕಚೇರಿಯಲ್ಲಿ ತೆಗೆದಿರಿಸಲು ಹೇಳಿ, ಬಂದು ಒಯ್ಯುತ್ತೇನೆ.

ಇತಿ ನಿಮ್ಮ ವಿಶ್ವಾಸಿ,
ಗದಗ-ಬೆಟಗೇರಿಯ ಒಬ್ಬ ಮತದಾರ