ಒಂದು ಬಟ್ಟಲು ಬೇರೆ ಮನೆಯದು

ಹಿರೋಶಿಮಾ
ಭಾನುವಾರ ಸಂಜೆ

ಲೋ ಗೆಳೆಯ,

ಮೊನ್ನೆ ಫೋನಲ್ಲಿ ನೀನು ನಕ್ಕಿದ್ದು ಇನ್ನೂ ಕಿವಿಯಲ್ಲೇ ಇದೆ. "ಕೆಂಡಾಮಾನಾ? ಅದೇನೋ ಕೆಂಡ ಹಾಯೋ ಹಬ್ಬ ಅಂದ್ಕೊಂಡೆ" ಅಂದೆ. ಆಮೇಲೆ, "ನಲವತ್ತು ದಾಟಿದ ಮೇಲೆ ಮರದ ಆಟಿಕೆಗೆ ದುಡ್ಡು ಸುರಿಯೋಕೆ ಜಪಾನಿಗೇ ಹೋಗಬೇಕಿತ್ತಾ, ಚನ್ನಪಟ್ಟಣದಲ್ಲೇ ಇರಬಹುದಿತ್ತಲ್ಲ" ಅಂತಲೂ ಅಂದೆ. ಆಗ ನಾನು ಉತ್ತರ ಕೊಡಲಿಲ್ಲ. ಹೆಂಡತಿ ಪಕ್ಕದಲ್ಲೇ ಕೂತಿದ್ದಳು. ಅವಳ ಮುಂದೆ ಈ ಲೆಕ್ಕ ಬಿಚ್ಚಿಡುವುದು ಕ್ಷೇಮವಲ್ಲ. ಅದಕ್ಕೇ ಈ ಕಾಗದ.

ಮೊದಲು ಸಾಮಾನು ಏನು ಅಂತ ಹೇಳಿಬಿಡುತ್ತೇನೆ. ಜಪಾನಿ ಭಾಷೆಯಲ್ಲಿ ಕೆನ್ ಅಂದರೆ ಕತ್ತಿ, ತಾಮ ಅಂದರೆ ಚೆಂಡು, ಎರಡೂ ಸೇರಿ ಕೆಂಡಾಮ. ಕತ್ತಿ ಅಂತ ಕರೆಯೋದು ಒಂದು ಮರದ ಹಿಡಿಗೆ. ಅದರ ತುದಿಯಲ್ಲಿ ಮೊನೆ, ಬುಡದಲ್ಲಿ ಒಂದು ಬಟ್ಟಲು. ಹಿಡಿಗೆ ಅಡ್ಡಲಾಗಿ ಇನ್ನೊಂದು ತುಂಡು ಸಿಕ್ಕಿಸಿರುತ್ತಾರೆ, ಹೆಸರು ಸರಾದೊ. ಅದರ ಒಂದು ಕಡೆ ದೊಡ್ಡ ಬಟ್ಟಲು, ಇನ್ನೊಂದು ಕಡೆ ಚಿಕ್ಕದು. ಚೆಂಡಿಗೊಂದು ತೂತು, ದಾರದಲ್ಲಿ ನೇತಾಡುತ್ತಿರುತ್ತದೆ. ಚೆಂಡನ್ನು ಮೇಲಕ್ಕೆ ಎಳೆದು ಬಟ್ಟಲಲ್ಲಿ ಕೂರಿಸಬೇಕು, ಇಲ್ಲವೇ ಮೊನೆಗೆ ಸಿಕ್ಕಿಸಬೇಕು. ಇಷ್ಟೇ. ಕೇಳೋಕೆ ಐದು ನಿಮಿಷದ ಆಟ. ನನಗೆ ಚೆಂಡು ಮೊನೆಗೆ ಸಿಕ್ಕೋಕೆ ಹನ್ನೊಂದು ದಿನ ಬೇಕಾಯ್ತು.

ಈ ಆಟದ ಅಜ್ಜ ಜಪಾನಿನವನಲ್ಲ ಅಂತಾರೆ. ಫ್ರಾನ್ಸಿನಲ್ಲಿ 16ನೇ ಶತಮಾನದಲ್ಲೇ ಬಿಲ್ಬೊಕೆ ಅನ್ನೋ ಕೋಲು ಚೆಂಡಿನ ಆಟ ಇತ್ತು, ಮೂರನೇ ಹೆನ್ರಿ ದೊರೆಗೆ ಅದರ ಹುಚ್ಚಿತ್ತಂತೆ. 1830ರ ಹೊತ್ತಿನ ಒಂದು ಜಪಾನಿ ಪುಸ್ತಕದಲ್ಲಿ ಜಿಂಕೆ ಕೊಂಬಿನಲ್ಲಿ ಮಾಡಿದ ಇಂಥದ್ದರ ವಿವರ ಇದೆ. ಅಲ್ಲಿ ಇದು ಮಕ್ಕಳ ಆಟ ಅಲ್ಲವೇ ಅಲ್ಲ. ಚೆಂಡು ತಪ್ಪಿದವನು ಕುಡಿಯಬೇಕು. ಆ ನಿಯಮ ಈಗಲೂ ಇದ್ದಿದ್ದರೆ ನಾನು ಆ ಹನ್ನೊಂದು ದಿನವೂ ಮೇಲೇಳುತ್ತಿರಲಿಲ್ಲ.

ಈಗ ನಾವು ನೋಡುವ ರೂಪ ಮಾತ್ರ ನನ್ನ ಮನೆ ಹತ್ತಿರದ್ದು. ಕುರೆ ಅನ್ನೋ ಊರಿನ ಎಗುಸಾ ಹಮಾಜಿ ಎಂಬಾತ 1918ರಲ್ಲಿ ಇದಕ್ಕೆ ಅರ್ಜಿ ಹಾಕಿದ, 1919ರ ಮೇ 14ಕ್ಕೆ ನೋಂದಣಿ ಆಯ್ತು. ಅವನು ಇಟ್ಟ ಹೆಸರು ಸೂರ್ಯ ಚಂದ್ರರ ಚೆಂಡು. ಕೆಂಪು ಚೆಂಡು ಸೂರ್ಯ, ಬಟ್ಟಲಿನ ಬಾಗು ಚಂದ್ರ. ತಯಾರಿ ಶುರುವಾಗಿದ್ದು 1921ರಲ್ಲಿ, ಹತ್ಸುಕಾಯಿಚಿಯಲ್ಲಿ. ಇಲ್ಲಿಂದ ಮಿಯಾಜಿಮಾ ಕಡೆ ಹೋಗೋ ಟ್ರಾಮ್ ಹತ್ತಿದರೆ ದಾರಿಯಲ್ಲೇ ಸಿಗುತ್ತದೆ. ಅಲ್ಲೇ ಯಾಕೆ ಅಂತೀಯಾ? ಅಲ್ಲಿ ಮರ ಕಡೆಯೋರು ಇದ್ದರು. ನಿಮ್ಮೂರಿನ ಕಥೆಯೇ ಕಣೋ. ಕೈ ಪಳಗಿದವರು ಎಲ್ಲಿದ್ದಾರೋ ಆಟಿಕೆ ಅಲ್ಲಿಗೆ ಹುಡುಕಿಕೊಂಡು ಬರುತ್ತದೆ.

ಸರಿ, ಈಗ ಸಂಗ್ರಹದ ವಿಷಯ.

1975ರಲ್ಲಿ ಫುಜಿವಾರಾ ಇಸ್ಸೆ ಅನ್ನೋ ಮಕ್ಕಳ ಸಾಹಿತಿ ಜಪಾನ್ ಕೆಂಡಾಮ ಸಂಘ ಕಟ್ಟಿದರು. ಸ್ಪರ್ಧೆ ಅಂದ ಮೇಲೆ ಎಲ್ಲರ ಕೈಯಲ್ಲೂ ಒಂದೇ ಅಳತೆಯ ಸಾಮಾನು ಇರಬೇಕಲ್ಲ. ಸಂಘ ಅಳತೆ ಗೊತ್ತು ಮಾಡಿತು. ಹತ್ತನೇ ದರ್ಜೆಯಿಂದ ಹಿಡಿದು ಮೇಲಿನವರೆಗೆ ಪರೀಕ್ಷೆಗಳು ಬಂದವು, ಕರಾಟೆ ಬೆಲ್ಟಿನ ಹಾಗೆ. ಮಾನ್ಯತೆ ಸಿಕ್ಕ ಕೆಂಡಾಮಕ್ಕೆ ಸಂಘದ ಚೀಟಿ ಅಂಟಿಸುತ್ತಾರೆ. ಇದರಿಂದ ಆಟ ಉಳೀತು, ಅದರಲ್ಲಿ ಅನುಮಾನ ಇಲ್ಲ. ಆದರೆ ಅದಕ್ಕೆ ಮೊದಲು ಒಂದೊಂದು ಕಾರ್ಖಾನೆಗೆ ಒಂದೊಂದು ರೂಪ ಇತ್ತು. ಒಬ್ಬನದು ಸಣಕಲು ಹಿಡಿ, ಇನ್ನೊಬ್ಬನದು ಡುಮ್ಮ. ತೂತು ಒಂದರಲ್ಲಿ ಅಗಲ, ಇನ್ನೊಂದರಲ್ಲಿ ಇಕ್ಕಟ್ಟು. ಅವೆಲ್ಲ ಮೂಲೆ ಸೇರಿದವು. ಹತ್ಸುಕಾಯಿಚಿಯ ಕಾರ್ಖಾನೆಗಳೂ ನಿಂತು, ಹುಟ್ಟೂರಲ್ಲೇ ಕೆಂಡಾಮ ತಯಾರಿ ಇಲ್ಲ ಅನ್ನೋ ಸ್ಥಿತಿ ಒಮ್ಮೆ ಬಂದಿತ್ತು. ಆಮೇಲೆ ಅಲ್ಲಿನ ಇವಾಟಾ ಮರಗೆಲಸದವರು ಅದನ್ನು ಮತ್ತೆ ಎತ್ತಿಕೊಂಡರು. ಅವರು ಮಾಡೋ ಮುಗೆನ್ ಮುಸೋ ಅನ್ನೋದರ ಬೆಲೆ ಕೇಳಬೇಡ. ಇವತ್ತು ಸ್ಪರ್ಧೆಗೆ ಜನ ಜಾಸ್ತಿ ಹಿಡಿಯೋದು ಓಜೋರಾ. ಅದು ಬರೋದು ಉತ್ತರದ ಯಾಮಾಗತಾ ಸೀಮೆಯ ನಾಗೈ ಊರಿಂದ. ಹೊಸದನ್ನು ಯಾರು ಬೇಕಾದರೂ ಕೊಳ್ಳಬಹುದು.

ನಾನು ಹುಡುಕೋದು ನಿಂತುಹೋದವನ್ನು. ರೇರ್ ಅನ್ನೋದರಲ್ಲಿ ಎರಡು ಜಾತಿ ಇದೆ ನೋಡು. ಒಂದು ಹುಟ್ಟುವಾಗಲೇ ರೇರ್. ಇಂತಿಷ್ಟೇ ಮಾಡ್ತೀವಿ ಅಂತ ಮೊದಲೇ ಸಾರಿ, ಚಂದದ ಡಬ್ಬಿಯಲ್ಲಿಟ್ಟು ಮಾರೋದು. ಅದನ್ನು ಕೊಂಡವನು ಡಬ್ಬಿ ಸಮೇತ ಕಪಾಟಿನಲ್ಲಿಡುತ್ತಾನೆ, ಚೆಂಡು ದಾರದಲ್ಲಿ ಒಮ್ಮೆಯೂ ನೇತಾಡೋದಿಲ್ಲ. ನನಗೆ ಅದರಲ್ಲಿ ಆಸಕ್ತಿ ಇಲ್ಲ. ಇನ್ನೊಂದು ಆಗಿಹೋದ ರೇರ್. ಅಂಗಡಿಯಲ್ಲಿ ರಾಶಿ ಬಿದ್ದಿದ್ದು, ಮಕ್ಕಳು ಆಡಿ ಬಿಸಾಡಿದ್ದು, ಯಾರೂ ಎತ್ತಿಡಬೇಕು ಅಂದುಕೊಳ್ಳದೇ ಇದ್ದದ್ದು. ಒಂದು ದಿನ ಮಾಡೋನು ಲೇತ್ ನಿಲ್ಲಿಸಿದ, ಯಾರಿಗೂ ಗೊತ್ತೇ ಆಗಲಿಲ್ಲ. ಇಂಥವು ನನ್ನ ಹತ್ತಿರ ಮೂವತ್ತೊಂದು ಇವೆ. ಹೆಂಡತಿಯ ಲೆಕ್ಕದಲ್ಲಿ ಹನ್ನೆರಡು.

ಎಲ್ಲಿ ಸಿಗುತ್ತವೆ ಅಂತ ನೀನು ಕೇಳಿದ್ದೆ. ಕ್ಯೋಟೊದ ತೋಜಿ ದೇವಸ್ಥಾನದಲ್ಲಿ ಪ್ರತಿ ತಿಂಗಳು 21ಕ್ಕೆ ಸಂತೆ. ನಮ್ಮ ವಾರದ ಸಂತೆ ಥರವೇ, ಉಪ್ಪಿನಕಾಯಿಯಿಂದ ಹಳೇ ಕಿಮೋನೊವರೆಗೆ ಎಲ್ಲ. ಹೋದ ವರ್ಷ ಅಲ್ಲಿ ಪಿಂಗಾಣಿ ಮಾರುವವನ ಹತ್ತಿರ ಒಂದು ತಗಡಿನ ಡಬ್ಬಿಯಲ್ಲಿ ಏಳೆಂಟು ಬಿದ್ದಿದ್ದವು. ಚೌಕಾಸಿ ಮಾಡೋಣ ಅಂತ ಒಂದನ್ನು ಎತ್ತಿ, "ಚೆಂಡಿನ ಬಣ್ಣ ಹೋಗಿದೆಯಲ್ಲ" ಅಂದೆ. ಅವನು ಮಾತಾಡದೆ ನನ್ನ ಕೈಯಿಂದ ಅದನ್ನು ತಗೊಂಡು ಮೋಶಿಕಾಮೆ ಶುರು ಮಾಡಿದ. ಅಂದರೆ ದೊಡ್ಡ ಬಟ್ಟಲಿಗೊಮ್ಮೆ, ಬುಡದ ಬಟ್ಟಲಿಗೊಮ್ಮೆ, ತಾಳಕ್ಕೆ ಸರಿಯಾಗಿ ಚೆಂಡು ಹಾರಿಸೋದು. ಆಮೆ ಮೊಲದ ಶಿಶುಗೀತೆಯಿಂದ ಬಂದ ಹೆಸರು. ಟಕ್, ಟಕ್, ಟಕ್ ಅಂತ ಮಂಡಿ ಬಾಗಿಸಿ ಬಾಗಿಸಿ ಅರವತ್ತರವರೆಗೆ ಹೋದ. ನನ್ನ ಹಿಂದೆ ಜನ ನಿಂತರು. ಆಮೇಲೆ ಒಂದು ಯೆನ್ನೂ ಇಳಿಸದೆ ಹಾಗೇ ಕೊಟ್ಟ. ಇನ್ನೇನು ಚೌಕಾಸಿ ಮಾಡಲಿ?

ಈಗ ಫೋಟೋ ಕಳಿಸಿದ್ದೆನಲ್ಲ, ಆ ಪೀಸಿನ ಕಥೆ. ಆನ್‌ಲೈನ್ ಹರಾಜಿನಲ್ಲಿ ತಗೊಂಡಿದ್ದು, 3,800 ಯೆನ್. ಐವತ್ತು ವರ್ಷ ಹಳೆಯದು, ಎಲ್ಲ ಭಾಗವೂ ಮೂಲದ್ದೇ ಅಂತ ಬರೆದಿದ್ದರು. ಕೊನೆಯಲ್ಲಿ ಇಲ್ಲಿನವರು ಹಾಕೋ ಮಂತ್ರವೂ ಇತ್ತು, ನೋ ಕ್ಲೇಮ್ ನೋ ರಿಟರ್ನ್. ಬಂದ ದಿನ ರಾತ್ರಿ ಟೇಬಲ್ ದೀಪ ಹಾಕಿಕೊಂಡು ಕೂತೆ. ಕೆಂಡಾಮದಲ್ಲಿ ಅಂಟಿಲ್ಲ, ಮೊಳೆಯಿಲ್ಲ. ಸರಾದೊ ಬಿಗಿಯಾಗಿ ಕೂತಿರುತ್ತದೆ, ತಿರುಚಿ ಎಳೆದರೆ ಬರುತ್ತದೆ. ದಾರ ಬದಲಾಯಿಸೋಕೆ ಹಾಗೆ ಬಿಚ್ಚಲೇಬೇಕು. ಮೂರು ತುಂಡು, ಒಂದು ದಾರ. ಸಂಗ್ರಹ ಮಾಡೋರಿಗೆ ದೊಡ್ಡ ತಲೆನೋವೇ ಇದು. ಯಾರು ಯಾವುದಕ್ಕೆ ಯಾವುದನ್ನು ಬೇಕಾದರೂ ಸಿಕ್ಕಿಸಬಹುದು.

ಸರಾದೊ ಎಳೆದೆ. ಸ್ವಲ್ಪ ಸಲೀಸಾಗೇ ಬಂತು. ಹಿಡಿ ಪೂರ್ತಿ ಬೆಲ್ಲದ ಬಣ್ಣಕ್ಕೆ ತಿರುಗಿದೆ, ಕೈ ಬೆವರು ಕುಡಿದೂ ಕುಡಿದೂ. ಆದರೆ ಸರಾದೊ ಮುಚ್ಚಿಕೊಂಡಿದ್ದ ಜಾಗದಲ್ಲಿ ಮರ ಇನ್ನೂ ಬೆಳ್ಳಗೆ, ಗಡಿಯಾರ ಕಟ್ಟಿದ ಮಣಿಕಟ್ಟಿನ ಹಾಗೆ. ಅಲ್ಲೇ ಸಿಕ್ಕಿಬಿದ್ದರು ನೋಡು. ಆ ಬಿಳಿ ಪಟ್ಟಿ ಸರಾದೊಗಿಂತ ಒಂದೂವರೆ ಮಿಲಿಮೀಟರ್ ಅಗಲ ಇತ್ತು. ಮೊದಲು ಅಲ್ಲಿ ಇನ್ನೂ ದಪ್ಪದ ಬೇರೆ ಸರಾದೊ ಕೂತಿತ್ತು, ವರ್ಷಗಟ್ಟಲೆ. ಈಗಿರೋದು ಆಮೇಲೆ ಬಂದದ್ದು. ಗೆರೆಯೂ ಬೇರೆ, ತೂಕವೂ ಬೇರೆ. ದೊಡ್ಡ ಬಟ್ಟಲಿನ ಅಂಚು ಸ್ವಲ್ಪ ಚೂಪು.

ನನಗೆ ಹೊಟ್ಟೆ ಉರಿದುಹೋಯ್ತು. ಮೋಸ ಹೋದೆ ಅಂತ ನಿನಗೆ ಫೋಟೋ ಕಳಿಸಿದ್ದು ಆಗಲೇ. ನೀನು ನಗೋ ಎರಡು ಬೊಂಬೆ ಕಳಿಸಿ ಸುಮ್ಮನಾದೆ. ಆದರೆ ಮಾರನೇ ದಿನ ನಿಮ್ಮಪ್ಪ ತಾವೇ ಫೋನ್ ಮಾಡಿದರು. ಅದು ನಿನಗೆ ಗೊತ್ತಾ?

"ಫೋಟೋ ತೋರಿಸಿದ ಇವನು" ಅಂದರು. "ಅದು ಒಂದೇ ಮರದ್ದಲ್ಲ, ಒಂದೇ ಕೈದೂ ಅಲ್ಲ."

"ಹೌದು ಅಪ್ಪಾಜಿ, ಮೋಸ ಮಾಡಿದಾರೆ" ಅಂದೆ.

"ಮೋಸ ಯಾಕೆ ಅಂತೀಯಪ್ಪ? ಮಾರಿದೋನ ಮಾತು ಬಿಡು. ಆ ಸಾಮಾನು ರಿಪೇರಿ ಆಗಿದೆ ಅಷ್ಟೆ. ಬಟ್ಟಲು ಒಡೆದಿರುತ್ತೆ, ಮಗು ಅತ್ತಿರುತ್ತೆ, ಯಾರೋ ಇನ್ನೊಂದು ತಂದು ಹಾಕಿದಾರೆ. ಆಟದ ಸಾಮಾನು ಅಂದ್ಮೇಲೆ ಒಡೀದೆ ಇರ್ತದಾ?" ಅಂದರು. ಆಮೇಲೆ ಒಂದು ಪ್ರಶ್ನೆ ಕೇಳಿದರು, ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. "ಆಡಿ ನೋಡಿದ್ಯಾ?"

ನೋಡಿರಲಿಲ್ಲ ಕಣೋ. ಭೂತಗನ್ನಡಿ ಹಿಡಿದಿದ್ದೆ, ಸ್ಕೇಲ್ ಹಿಡಿದಿದ್ದೆ. ದಾರ ಕಟ್ಟಿ ಒಮ್ಮೆಯೂ ಎಳೆದಿರಲಿಲ್ಲ.

ಅವತ್ತು ರಾತ್ರಿ ಹೊಸ ದಾರ ಹಾಕಿದೆ. ಆಗಲೇ ಹಿಡಿಯ ಹಿಂಬದಿಯಲ್ಲಿ ಮಾರ್ಕರ್ ಗುರುತು ಕಂಡಿದ್ದು. ಹೆಸರು ಪೂರ್ತಿ ಅಳಿಸಿದೆ, ಮೊದಲಿನ ಅಂಕಿಗಳು ಮಾತ್ರ ಇವೆ. 3, ಆಮೇಲೆ 2. ಮೂರನೇ ಕ್ಲಾಸು, ಎರಡನೇ ವಿಭಾಗ. ಇಲ್ಲಿನ ಮಕ್ಕಳು ತಮ್ಮ ಎಲ್ಲ ಸಾಮಾನಿನ ಮೇಲೂ ಹಾಗೆ ಬರೆದುಕೊಳ್ಳುತ್ತಾರೆ. ಚೆಂಡಿನ ತೂತಿನ ಸುತ್ತ ಬಣ್ಣವೇ ಇಲ್ಲ, ಮೊನೆ ತಪ್ಪಿ ಬಡಿದ ಗುಳಿಗಳು ಒತ್ತೊತ್ತಾಗಿ ಇವೆ. ನಮ್ಮ ಬುಗುರಿಗಳಿಗೆ ಗುನ್ನ ಬೀಳ್ತಿತ್ತಲ್ಲ, ಹಾಗೆ. ಆ ಹುಡುಗನೋ ಹುಡುಗಿಯೋ ನನಗಿಂತ ಜಾಸ್ತಿ ಸಲ ತಪ್ಪಿಸಿದಾರೆ ಅಂತ ನೋಡಿ ಸ್ವಲ್ಪ ಸಮಾಧಾನ ಆಯ್ತು.

ಆಡೋಕೆ ಹೇಗಿದೆ ಅಂತೀಯಾ? ದೊಡ್ಡ ಬಟ್ಟಲಿಗೆ ಚೆಂಡು ಸ್ವಲ್ಪ ತಡಕಾಡುತ್ತದೆ, ಅಂಚು ಚೂಪು ನೋಡು. ಆದರೆ ಒಮ್ಮೆ ಕೂತರೆ ಅಲ್ಲಾಡಲ್ಲ. ಸರಾದೊ ತೆಳ್ಳಗಿರೋದರಿಂದ ಕೈಗೆ ಹಗುರ. ಸಂಘದ ಅಳತೆಯ ಓಜೋರಾದಲ್ಲಿ ನನಗೆ ಬರದ 'ಉಗುಯಿಸು' ಇದರಲ್ಲಿ ಎರಡು ಸಲ ಬಂತು. ಚೆಂಡು ಬಟ್ಟಲಿನ ಒಳಗೆ ಬೀಳದೆ ಬಟ್ಟಲಿನ ಅಂಚಿಗೂ ಮೊನೆಗೂ ಒರಗಿ ನಿಲ್ಲಬೇಕು, ಕೊಂಬೆ ಮೇಲೆ ಹಕ್ಕಿ ಕೂತ ಹಾಗೆ. ಉಗುಯಿಸು ಅನ್ನೋದು ಇಲ್ಲಿನ ಒಂದು ಹಾಡುಹಕ್ಕಿ. ಎರಡನೇ ಸಲ ನಿಂತಾಗ ನಾನು ಉಸಿರು ಬಿಡಲಿಲ್ಲ. ಹೆಂಡತಿ ಅಡುಗೆಮನೆಯಿಂದ "ಏನಾಯ್ತು, ಯಾಕೆ ಸದ್ದೇ ಇಲ್ಲ" ಅಂತ ಬಂದಳು. ಚೆಂಡು ಬಿತ್ತು.

ಈಚಿನ ವರ್ಷಗಳಲ್ಲಿ ಡಿಸೆಂಬರ್ 31ರ ರಾತ್ರಿ ಟಿವಿಯ ದೊಡ್ಡ ಹಾಡಿನ ಕಾರ್ಯಕ್ರಮದಲ್ಲಿ ಮಿಯಾಮಾ ಹಿರೋಶಿ ಅನ್ನೋ ಗಾಯಕ ಹಾಡುತ್ತಿರುವಾಗ ನೂರಕ್ಕೂ ಜಾಸ್ತಿ ಜನ ಸಾಲಾಗಿ ನಿಂತು, ಒಬ್ಬರಾದ ಮೇಲೆ ಒಬ್ಬರು ದೊಡ್ಡ ಬಟ್ಟಲಿಗೆ ಚೆಂಡು ಕೂರಿಸಬೇಕು. ಗಿನ್ನೆಸ್ ದಾಖಲೆಗೆ. ನಡುವೆ ಒಬ್ಬ ತಪ್ಪಿದರೂ ಹೋಯ್ತು. ದೊಡ್ಡ ಬಟ್ಟಲು ಅನ್ನೋದು ಈ ಆಟದ ಅ ಆ ಇ ಈ. ಆದರೂ ಅವರ ಮುಖ ನೋಡಬೇಕು ನೀನು, ಎಸ್ಸೆಸ್ಸೆಲ್ಸಿ ರಿಸಲ್ಟಿಗೆ ಕಾಯೋರ ಹಾಗೆ.

ನಿಮ್ಮೂರಲ್ಲಿ ಬೊಂಬೆ ಕಸುಬಿನ ಹಿರಿಯ ಬವಾಸ್ ಮಿಯಾ ಅವರ ಹೆಸರು ಹೇಳುವಾಗ ಜಪಾನಿನ ಅರಗಿನ ಕೆಲಸದ ಮಾತು ಬರುತ್ತಲ್ಲ, ಅಲ್ಲಿಂದಲೇ ಆ ಕಸುಬಿನ ಗುಟ್ಟು ತಂದರು ಅಂತ. ಚಿಕ್ಕವರಿದ್ದಾಗ ನಿಮ್ಮಪ್ಪ ಹೇಳಿದ್ದರು, ನಾವು ಕೇಳಿಸಿಕೊಂಡಿರಲಿಲ್ಲ. ತಿರುಗೋ ಮರಕ್ಕೆ ಅರಗಿನ ಕಡ್ಡಿ ಒತ್ತಿ, ಅದು ಬಿಸಿಗೆ ಕರಗಿ ಹರಡೋದನ್ನು, ಆಮೇಲೆ ತಾಳೆಗರಿ ಹಿಡಿದು ಹೊಳಪು ಬರಿಸೋದನ್ನು ನೋಡ್ತಾ ನಿಲ್ಲುತ್ತಿದ್ದೆವು ಅಷ್ಟೆ. ಇಲ್ಲಿನ ಚೆಂಡಿಗೆ ಹಾಕೋದು ಅರಗಲ್ಲ, ಬಣ್ಣ. ಬೇಗ ಚಕ್ಕೆ ಏಳುತ್ತದೆ. ಅರಗಿನ ಚೆಂಡು ಹೇಗಿರಬಹುದು ಅಂತ ಈಚೆಗೆ ಆಗಾಗ ಯೋಚಿಸ್ತೀನಿ. ಜಾರುತ್ತದೋ ಏನೋ.

ಅದಕ್ಕೇ ಆ ಪೀಸನ್ನೇ ನಿಮ್ಮಪ್ಪನ ಹೆಸರಿಗೆ ಪಾರ್ಸೆಲ್ ಮಾಡಿದ್ದೇನೆ. ಮೂವತ್ತೊಂದರಲ್ಲಿ ಇನ್ನು ಮೂವತ್ತು ಉಳೀತು. ಬಂದ ತಕ್ಷಣ ಸರಾದೊ ಎಳೆದು ಆ ಬಿಳಿ ಪಟ್ಟಿ ಅವರಿಗೆ ತೋರಿಸು. ಅಷ್ಟು ದಪ್ಪಕ್ಕೆ ಹಾಲೆ ಮರದಲ್ಲಿ ಇನ್ನೊಂದು ಸರಾದೊ ಕಡೆದು ಕೂರಿಸೋಕೆ ಆಗುತ್ತಾ ಕೇಳು. ಹಾಲೆ ಮೆತ್ತಗಾಯ್ತು, ಏಟು ತಡೆಯಲ್ಲ ಅಂದರೆ ಬೇರೆ ಯಾವ ಮರ ಅಂತ ಅವರೇ ಹೇಳಲಿ. ಈಗಿರೋ ತೆಳ್ಳನೆ ಸರಾದೊ ಎಸೀಬೇಡಿ. ಚೆಂಡಿನ ಒಳಗೆ ದಾರದ ತುದಿಗೆ ಒಂದು ಪುಟ್ಟ ಮಣಿ ಇದೆ, ದಾರ ಬಿಚ್ಚುವಾಗ ಉರುಳಿ ಹೋಗುತ್ತದೆ, ಕೆಳಗೆ ಬಟ್ಟೆ ಹಾಸಿಕೊಂಡು ಬಿಚ್ಚಿ. ಹಿಡಿ ಹಿಂದಿನ 3 ಮತ್ತು 2ನ್ನು ಯಾವ ಕಾರಣಕ್ಕೂ ಉಜ್ಜಬೇಡಿ.

ನಿನ್ನ ಮಗಳ ಕೈಗೆ ಕೊಡು ಆಡಲಿ. ಬೀಳಿಸಿದರೆ ಬೈಬೇಡ.

ಇಂತಿ ನಿನ್ನ
ಮರದ ಆಟಿಕೆಯವನು