ನಾಯಿ ತೂರಾಡಿದರೆ ‘ಉಷ್ಣ’ ಎಂದು ಸುಮ್ಮನಿರಬೇಡಿ

ಮಾನ್ಯರೆ,

ಮನೆಯ ನಾಯಿ ತೂರಾಡಿದರೆ, ಕುಸಿದು ಬಿದ್ದರೆ ‘ಉಷ್ಣ ಆಗಿದೆ, ನಿಶ್ಶಕ್ತಿ’ ಎಂದು ಗ್ಲೂಕೋಸ್ ನೀರು ಕುಡಿಸುತ್ತ ಎರಡು ದಿನ ಕಾಯುವವರು ಬಹಳ. ತೊಂದರೆ ಮಿದುಳಿನದೋ ಬೆನ್ನುಹುರಿಯದೋ ಆಗಿದ್ದರೆ ಕೈತಪ್ಪುವುದು ಆ ಎರಡು ದಿನಗಳಲ್ಲೇ.

ಓಡಿ ಬಂದು ಮೆತ್ತಗೆ ಕುಸಿದ ನಾಯಿ ಅರೆ ನಿಮಿಷದಲ್ಲೇ ಎದ್ದು ಬಾಲ ಅಲ್ಲಾಡಿಸಿದರೆ ಹೃದಯದ ಪರೀಕ್ಷೆ ಆಗಬೇಕು. ಫಿಟ್ಸ್ ಹಾಗಲ್ಲ, ಅದು ಹೆಚ್ಚಾಗಿ ಮಲಗಿದ್ದಾಗ ಬರುತ್ತದೆ. ಮೈ ಸೆಟೆದು, ಕಾಲು ಈಜಿದಂತೆ ಬಡಿದು, ಜೊಲ್ಲು ಸುರಿದು, ಅಲ್ಲೇ ಉಚ್ಚೆ ಹೋಗುತ್ತದೆ. ಫಿಟ್ಸ್ ನಿಂತ ಮೇಲೂ ನಾಯಿ ಸ್ವಲ್ಪ ಹೊತ್ತು ಗೋಡೆಗೆ ತಾಗುತ್ತ, ಮನೆಯವರ ಗುರುತು ಹತ್ತದಂತೆ ಸುತ್ತುತ್ತದೆ. ಬಾಯಿಗೆ ಬೆರಳು, ಚಮಚ, ನೀರು ಏನನ್ನೂ ಹಾಕಬೇಡಿ. ನಾಯಿ ನಾಲಿಗೆಯನ್ನು ನುಂಗಿಕೊಳ್ಳುವುದಿಲ್ಲ. ಗಡಿಯಾರ ನೋಡಿ, ಒಬ್ಬರು ಮೊಬೈಲಿನಲ್ಲಿ ವಿಡಿಯೊ ಮಾಡಿ. ವೈದ್ಯರ ಮೇಜಿನ ಮೇಲೆ ನಾಯಿ ಆರಾಮಾಗಿ ನಿಂತಿರುವಾಗ ಆ ವಿಡಿಯೊ ಒಂದೇ ಸಾಕ್ಷಿ. 5 ನಿಮಿಷ ದಾಟಿದರೆ, ಇಲ್ಲವೇ 24 ಗಂಟೆಯೊಳಗೆ ಮತ್ತೊಮ್ಮೆ ಬಂದರೆ ರಾತ್ರಿಯಾದರೂ ಹೊರಡಿ. ಮಾತ್ರೆ ಶುರುವಾದ ಮೇಲೆ, ಫಿಟ್ಸ್ ನಿಂತಿತೆಂದು ನೀವಾಗಿ ಬಿಡಬೇಡಿ; ಫಿನೋಬಾರ್ಬಿಟೋನ್‌ನಂಥ ಫಿಟ್ಸ್ ಮಾತ್ರೆ ದಿಢೀರನೆ ನಿಲ್ಲಿಸಿದರೆ ಮೊದಲಿಗಿಂತ ಜೋರಾಗಿ ಮರಳಬಹುದು.

ಹಿಂಗಾಲು ಸೋತಂತೆ ಕಂಡರೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಹೊಟ್ಟೆಯ ಕೆಳಗೆ ಕೈ ಕೊಟ್ಟು ನಾಯಿಯನ್ನು ನಿಲ್ಲಿಸಿ, ಒಂದು ಪಾದವನ್ನು ಮಡಚಿ ಅದರ ಮೇಲ್ಭಾಗ ನೆಲಕ್ಕೆ ತಾಗುವಂತೆ ಇಡಿ. ನರ ಸರಿಯಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಪಾದ ತಿರುಗಿಸಿಕೊಳ್ಳುತ್ತದೆ. ತಡ ಮಾಡಿದರೆ, ಹಾಗೇ ನಿಂತರೆ, ‘ಪಾದ ಹೇಗಿದೆ’ ಎಂಬ ಸುದ್ದಿ ಬೆನ್ನುಹುರಿ ದಾಟಿ ಮಿದುಳಿಗೆ ತಲುಪುತ್ತಿಲ್ಲ ಎಂದೇ ಅರ್ಥ. ಉಗುರು ಸವೆದಿದ್ದರೆ, ನಡೆಯುವಾಗ ಪಾದ ಎಳೆಯುವ ಸದ್ದು ಬಂದರೆ ಅದೂ ಇದೇ ಸೂಚನೆ. ಡ್ಯಾಷ್‌ಹಂಡ್‌ನಂಥ ಉದ್ದ ಬೆನ್ನಿನ ತಳಿಗಳಲ್ಲಿ ಬೆನ್ನುಮೂಳೆಗಳ ನಡುವಿನ ಡಿಸ್ಕ್ ಜಾರಿ ಬೆನ್ನುಹುರಿಯನ್ನು ಒತ್ತುವುದು ಸಾಮಾನ್ಯ. ಮೊದಲು ಪಾದದ ಅರಿವು, ಆಮೇಲೆ ನಡಿಗೆ, ಉಚ್ಚೆಯ ಹಿಡಿತ, ಕೊನೆಗೆ ನೋವಿನ ಅರಿವೂ ಹೋಗುತ್ತದೆ. ಆ ಹಂತ ತಲುಪಿದರೆ ಶಸ್ತ್ರಚಿಕಿತ್ಸೆಯಾದರೂ ಮತ್ತೆ ನಡೆಯುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧಕ್ಕರ್ಧ. ಎತ್ತಿಕೊಳ್ಳದೆ ಹಲಗೆಯ ಮೇಲೆ ಮಲಗಿಸಿ ತನ್ನಿ. ಮನೆಯಲ್ಲಿರುವ ಡೈಕ್ಲೊಫೆನಾಕ್, ಐಬುಪ್ರೊಫೇನ್ ಖಂಡಿತ ಬೇಡ. ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಕಿಡ್ನಿಗೂ ಪೆಟ್ಟು.

ಮುದಿ ನಾಯಿ ದಿಢೀರನೆ ತಲೆ ವಾಲಿಸಿ, ಕಣ್ಣುಗುಡ್ಡೆ ಅತ್ತಿತ್ತ ಓಡುತ್ತಿದ್ದರೆ ಲಕ್ವವೆಂದು ಕೈಚೆಲ್ಲಬೇಡಿ. ಒಳಕಿವಿಯ ಸಮತೋಲನ ತಪ್ಪಿದ್ದರೆ ಹಲವು ನಾಯಿಗಳು ಕೆಲವೇ ದಿನಗಳಲ್ಲಿ ಚೇತರಿಸಿಕೊಳ್ಳುತ್ತವೆ. ಕಣ್ಣುಗುಡ್ಡೆ ಮೇಲೆ ಕೆಳಗೆ ಓಡಿದರೆ ಮಾತ್ರ ಮಿದುಳಿನ ಮೇಲೆ ಅನುಮಾನ ಹೆಚ್ಚು. ಮರಿಗಳಲ್ಲಿ ಕೆಮ್ಮು, ಕಣ್ಣಿನ ಪಿಸುರು ಕಾಣಿಸಿದ ಕೆಲ ವಾರಗಳ ನಂತರ ದವಡೆಯೋ ಕಾಲೋ ನಿದ್ದೆಯಲ್ಲೂ ಒಂದೇ ತಾಳದಲ್ಲಿ ಅದುರಿದರೆ ಅದು ಡಿಸ್ಟೆಂಪರ್ ಎಂಬ ವೈರಸ್ ರೋಗ.

ನಮಗೆ ಹೆಚ್ಚು ಭಯ ಹುಟ್ಟಿಸುವುದು ಬೇರೆ. ಕೆಳದವಡೆ ಜೋತುಬಿದ್ದು, ಜೊಲ್ಲು ಸುರಿಸುತ್ತ, ದನಿ ಬದಲಾಗಿ, ನುಂಗಲಾರದ ನಾಯಿಯನ್ನು ಕಂಡು ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ಬಾಯೊಳಗೆ ಕೈ ಹಾಕುತ್ತಾರೆ. ರೇಬಿಸ್‌ನ ಮಂಕು ರೂಪ ಹೀಗೇ ಇರುತ್ತದೆ, ಕಚ್ಚಲು ಬರಬೇಕೆಂದೇನಿಲ್ಲ. ಅಂಥ ನಾಯಿಯನ್ನು ಮುಟ್ಟದೆ ಒಂದು ಕೋಣೆಯಲ್ಲಿ ಕೂಡಿ, ಪಶುವೈದ್ಯರನ್ನು ಕರೆಸಿ. ಆಗಲೇ ಜೊಲ್ಲು ಗಾಯಕ್ಕೋ ಕಣ್ಣಿಗೋ ತಾಗಿದ್ದರೆ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಕಣ್ಣಿಗಾದರೆ ಬರೀ ನೀರು. ನಾಯಿಗೆ ಲಸಿಕೆ ಆಗಿದೆಯೆಂದು ಕಾಯದೆ ಅದೇ ದಿನ ನಿಮ್ಮ ಚುಚ್ಚುಮದ್ದು ಶುರುವಾಗಲಿ.

– ಇಬ್ಬರು ಪಶುವೈದ್ಯರು, ಮೈಸೂರು