ಶನಿವಾರದ ಕೊನೆಯ ಪೀರಿಯಡ್ ಬಗ್ಗೆ ಪಾಲಕರಿಗೆ

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ
ಕುಷ್ಟಗಿ ತಾಲ್ಲೂಕು, ಕೊಪ್ಪಳ ಜಿಲ್ಲೆ

ಪಾಲಕ ಬಂಧುಗಳಿಗೆ ನಮಸ್ಕಾರ.

ಶನಿವಾರ ಬೆಳಗಿನ ಶಾಲೆಯ ಕೊನೆಯ ಪೀರಿಯಡ್ಡಿನಲ್ಲಿ 5, 6, 7ನೇ ತರಗತಿಗೆ ಪುಸ್ತಕದ ಪಾಠ ಇಟ್ಟಿಲ್ಲ. ಸಿಟ್ಟು, ಅಂಜಿಕೆ, ಬ್ಯಾಸರಿಕೆ ಬಂದಾಗ ಏನು ಮಾಡಬೇಕು ಎನ್ನುವುದೇ ಅಲ್ಲಿ ಪಾಠ. "ಇದರಿಂದ ಮಾರ್ಕ್ಸ್ ಬರ್ತಾವೇನ್ರೀ ಸರ?" ಎಂದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಕೆಲವರು ಕೇಳಿದಿರಿ. ಬರುವುದಿಲ್ಲ, ಇದಕ್ಕೆ ಪರೀಕ್ಷೆಯೇ ಇಲ್ಲ. ಆದರೆ ಜಗಳವನ್ನು ತಲೆಯಲ್ಲಿಟ್ಟುಕೊಂಡು ಕೂತ ಹುಡುಗನಿಗೆ ಭಿನ್ನರಾಶಿ ಹತ್ತುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ 10 ಜೀವನ ಕೌಶಲಗಳಲ್ಲಿ ಭಾವನೆಗಳನ್ನು ನಿಭಾಯಿಸುವುದೂ ಒಂದು.

ಕಬಡ್ಡಿಯಲ್ಲಿ ಜಗಳಾಡಿದ ಇಬ್ಬರನ್ನು ಎದುರುಬದುರು ಕೂರಿಸುತ್ತೇವೆ. ಒಬ್ಬ ಹೇಳಿ ಮುಗಿಸಿದ ಮೇಲೆ ಇನ್ನೊಬ್ಬ ತನ್ನ ಮಾತು ಶುರು ಮಾಡುವಂತಿಲ್ಲ. ಮೊದಲು ಅವನು ಹೇಳಿದ್ದನ್ನೇ ತಿರುಗಿ ಹೇಳಬೇಕು. "ಹೌದು, ನಾ ಅಂದಿದ್ದು ಅದ" ಎಂದು ಅವನು ಒಪ್ಪಿದರೆ ಮುಂದಿನ ಮಾತು. "ಗೆರಿ ಮುಟ್ಟೀನಿ ಅಂತಾನ್ರೀ, ಸುಳ್ಳು!" ಎಂದು ನಡುವೆಯೇ ಮತ್ತೆ ಜಗಳ ಶುರುವಾಗುವುದುಂಟು. ಆಗ ಮೊದಲಿನಿಂದ. (ಸಭೆಗಳಲ್ಲಿ ದೊಡ್ಡವರಿಗೂ ಈ ಆಟ ಆಡಿಸಬೇಕು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.)

ಇನ್ನೊಂದು ಮಾತು, ಗುಳೆ ಹೋಗುವ ಮನೆಗಳಿಗೆ. ಅಪ್ಪ ಅವ್ವ ಬೆಂಗಳೂರಿಗೆ ದುಡಿಯಲು ಹೋದ ಮೇಲೆ ಅಜ್ಜಿಯ ಹತ್ತಿರ ಉಳಿದ ಮಕ್ಕಳು "ಹೊಟ್ಟಿ ನೋಯ್ತೈತ್ರಿ" ಎಂದು ಪದೇ ಪದೇ ಬರುತ್ತಾರೆ. ಮೊದಲು ದವಾಖಾನೆಗೆ ತೋರಿಸುತ್ತೇವೆ. ಅಲ್ಲಿ ಏನೂ ಇಲ್ಲ ಎಂದಾದರೆ ಜೊತೆಗೆ ಕೂತು ಮಾತಾಡಿಸುತ್ತೇವೆ. "ಅವ್ವನ ನೆನಪಾಗೈತಿ" ಎಂದು ಬಾಯಿಬಿಟ್ಟು ಹೇಳಲು ಕೆಲವರಿಗೆ ವಾರಗಳೇ ಹಿಡಿಯುತ್ತವೆ. ಫೋನ್ ಮಾಡಿದಾಗ "ಉಂಡಿಯೇನು, ಸಾಲಿಗೆ ಹೋದಿಯೇನು" ಎಂದಷ್ಟೇ ಕೇಳಿ ಇಡಬೇಡಿ. ಯಾರ ಜೊತೆ ಆಡಿದೆ, ಯಾರ ಮೇಲೆ ಸಿಟ್ಟು ಬಂತು ಎಂದೂ ಕೇಳಿರಿ.

ಮಗು ಅಳುತ್ತಾ ಬಂದರೆ "ಗಂಡಹುಡುಗ ಅಳ್ತಾನೇನು" ಎನ್ನಬೇಡಿ. ಹೇಳಿದ ಮಾತಿಗೆ ಹೊಡೆದರೆ ಮುಂದಿನ ಸಲ ಅದು ಹೇಳುವುದೇ ಇಲ್ಲ. ಶಾಲೆಯಲ್ಲಿ ಹೊಡೆಯುವುದನ್ನು, ಹೀಯಾಳಿಸುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಯಾವ ಶಿಕ್ಷಕರೇ ಹಾಗೆ ಮಾಡಿದರೂ ನೇರವಾಗಿ ನನಗೆ ತಿಳಿಸಿ.

ಮಕ್ಕಳಿಗೆ ತೊಂದರೆಯಾದರೆ ಸಹಾಯವಾಣಿ 1098. ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ 14416. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಎರಡೂ ಉಚಿತ.

ಬರುವ ಶನಿವಾರ ಈ ಪೀರಿಯಡ್ಡಿಗೆ ಬಂದು ಹಿಂದೆ ಕೂತು ನೋಡಿರಿ. ಅಜ್ಜಿಯರು ಬಂದರೆ ಇನ್ನೂ ಸಂತೋಷ, ಕುರ್ಚಿ ಹಾಕಿಸಿರುತ್ತೇವೆ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು